ಪೋಲಿಷ್ ಭಾಷೆಯ ಭವಿಷ್ಯತ್ಕಾಲ ಮತ್ತು ಷರತ್ತಿನ ರೂಪಗಳು: ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಪೋಲೆಂಡಿನ ಬೇಕರಿಯಲ್ಲಿ ಸರದಿ ಬಂದಾಗ ಗಿರಾಕಿಗಳು ‘ಪೊಪ್ರೊಷೆ ಹ್ಲೆಪ್’ ಎನ್ನುತ್ತಾರೆ. ಬಳಕೆಯಲ್ಲಿ ಇದರ ಅರ್ಥ ‘ಬ್ರೆಡ್ ಕೊಡಿ’ ಎಂದಷ್ಟೆ. ಆದರೆ ‘ಪೊಪ್ರೊಷೆ’ ಎಂಬ ಪದವನ್ನು ಬಿಡಿಸಿ ನೋಡಿದರೆ ಅದು ‘ಕೇಳಿಕೊಳ್ಳುತ್ತೇನೆ’ ಎಂಬ ಅರ್ಥದ ಭವಿಷ್ಯತ್ಕಾಲದ ಕ್ರಿಯಾಪದ. ಕೆಲಸಕ್ಕೋ ಓದಿಗೋ ಬೆಂಗಳೂರಿನಿಂದ ವಾರ್ಸಾ, ಕ್ರಾಕುಫ್, ವ್ರೊತ್ಸ್ವಾಫ್ ನಗರಗಳಿಗೆ ಹೋದ ಕನ್ನಡಿಗರು ಮೊದಲ ವಾರದಲ್ಲೇ ಈ ಪದವನ್ನು ಬಾಯಿಪಾಠ ಮಾಡಿರುತ್ತಾರೆ, ಅಂದರೆ ಹೆಸರು ತಿಳಿಯದೆಯೇ ಪೋಲಿಷ್ ಭವಿಷ್ಯತ್ಕಾಲವನ್ನು ಬಳಸಲು ಆರಂಭಿಸಿರುತ್ತಾರೆ. ತೊಡಕು ಶುರುವಾಗುವುದು ಎರಡನೆಯ, ಮೂರನೆಯ ಕ್ರಿಯಾಪದ ಬಂದಾಗ. ಅಲ್ಲಿ ಎಡವುವವರು ಬಹುಪಾಲು ಒಂದೇ ಕಡೆ ಎಡವುತ್ತಾರೆ: ಅವರು ‘ಯಾವಾಗ’ ಎಂದು ಮೊದಲು ಯೋಚಿಸುತ್ತಾರೆ, ಪೋಲಿಷ್ ಭಾಷೆಯಾದರೋ ‘ಕೆಲಸ ಮುಗಿಯುತ್ತದೆಯೇ’ ಎಂದು ಮೊದಲು ಕೇಳುತ್ತದೆ. ಈ ಲೇಖನವನ್ನು ಆ ಪ್ರಶ್ನೆಯ ಸುತ್ತಲೇ ಕಟ್ಟಿದ್ದೇನೆ.

ಬರಹದ ಬಗ್ಗೆ ಒಂದು ಮಾತು. ಪೋಲಿಷ್ ಪದಗಳನ್ನು ಇಲ್ಲಿ ಕಿವಿಗೆ ಕೇಳುವಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನಾಲಿಗೆಯನ್ನು ಹಿಂದಕ್ಕೆಳೆದು ಹೇಳುವ ಗಡಸು ದನಿಗೆ ‘ಷ’, ಮೃದು ದನಿಗೆ ‘ಶ’ ಬಳಸಿದ್ದೇನೆ. ಈ ವ್ಯತ್ಯಾಸವನ್ನು ಬರಹದಲ್ಲಿ ಉಳಿಸಿಕೊಂಡಿರುವ ಕನ್ನಡದವರಿಗೆ ಅದು ಸುಲಭವಾಗಿ ದಕ್ಕುತ್ತದೆ. ಭೂತಕಾಲದ ರೂಪಗಳಲ್ಲಿ ಬರುವ ‘ವ್’ ದನಿಯನ್ನು ಪೋಲಿಷಿನಲ್ಲಿ ಅಡ್ಡಗೆರೆ ಎಳೆದ ಎಲ್ ಅಕ್ಷರದಿಂದ ಬರೆಯುತ್ತಾರೆ. ಅದನ್ನು ತುಟಿ ದುಂಡಗೆ ಮಾಡಿ ಉಚ್ಚರಿಸಬೇಕು. ಪದಾಂತ್ಯದ ‘ಒಂ’ ಎಂಬಲ್ಲಿ ಮಕಾರವನ್ನು ಪೂರ್ತಿ ಒತ್ತದೆ ಮೂಗಿನಿಂದ ಹೊರಡಿಸಿದರೆ ಸಾಕು.

ಮೊದಲ ಹೆಜ್ಜೆ: ಕ್ರಿಯಾಪದವನ್ನು ಜೋಡಿಯಾಗಿ ಕಲಿಯುವುದು

ಪೋಲಿಷಿನಲ್ಲಿ ಬಹುತೇಕ ಪ್ರತಿಯೊಂದು ಕೆಲಸಕ್ಕೂ ಎರಡು ಕ್ರಿಯಾಪದಗಳಿವೆ. ಒಂದು, ಕೆಲಸ ನಡೆಯುತ್ತಿರುವುದನ್ನೋ ಮತ್ತೆ ಮತ್ತೆ ಆಗುವುದನ್ನೋ ಹೇಳುವ ಅಪೂರ್ಣ ಕ್ರಿಯೆ. ಇನ್ನೊಂದು, ಕೆಲಸ ಒಮ್ಮೆ ನಡೆದು ಮುಗಿಯುವುದನ್ನು ಹೇಳುವ ಪೂರ್ಣ ಕ್ರಿಯೆ. ಪೋಲಿಷ್ ವ್ಯಾಕರಣ ಇವನ್ನು ‘ನ್ಯೆದೊಕೊನಾನಿ’ ಮತ್ತು ‘ದೊಕೊನಾನಿ’ ಎಂದು ಕರೆಯುತ್ತದೆ. ಮಾಡು ಎಂಬುದಕ್ಕೆ ರೊಬಿಚ್ ಮತ್ತು ಜ಼್ರೊಬಿಚ್, ಬರೆ ಎಂಬುದಕ್ಕೆ ಪಿಸಾಚ್ ಮತ್ತು ನಾಪಿಸಾಚ್, ಓದು ಎಂಬುದಕ್ಕೆ ಚಿತಾಚ್ ಮತ್ತು ಪ್ಷೆಚಿತಾಚ್, ಕೊಳ್ಳು ಎಂಬುದಕ್ಕೆ ಕುಪೊವಾಚ್ ಮತ್ತು ಕುಪಿಚ್. ಹೆಚ್ಚಿನ ಜೋಡಿಗಳಲ್ಲಿ ಮುಂದೆ ಒಂದು ಉಪಸರ್ಗ ಸೇರಿ ಪೂರ್ಣ ಕ್ರಿಯೆಯಾಗುತ್ತದೆ. ಕೆಲವುಗಳಲ್ಲಿ ಪದದ ನಡುಭಾಗ ಬದಲಾಗುತ್ತದೆ. ಹೇಳು ಎಂಬುದಕ್ಕಿರುವ ಮುವಿಚ್ ಮತ್ತು ಪೊವ್ಯೆಜೆಚ್, ತೆಗೆದುಕೊಳ್ಳು ಎಂಬುದಕ್ಕಿರುವ ಬ್ರಾಚ್ ಮತ್ತು ವ್ಜ್ಯೊಂಚ್ ಇಂಥವುಗಳಲ್ಲಿ ಎರಡೂ ಬೇರೆ ಬೇರೆ ಪದಗಳೇ. ಯಾವ ಕ್ರಿಯೆಗೆ ಯಾವ ಉಪಸರ್ಗ ಎಂದು ಊಹಿಸಲು ಹೋಗಬೇಡಿ. ನೋಟ್‌ಬುಕ್ಕಿನಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಜೋಡಿಯ ಒಂದನ್ನಷ್ಟೇ ಕಲಿತ ಪದ ಅರ್ಧ ಕಲಿತ ಪದವೇ ಸರಿ.

ಈ ಭೇದ ಕನ್ನಡಿಗರಿಗೆ ಅಪರಿಚಿತವಲ್ಲ. ‘ನಾಳೆ ಬರೆಯುತ್ತಿರುತ್ತೇನೆ’ ಎಂಬುದಕ್ಕೂ ‘ನಾಳೆ ಬರೆದುಬಿಡುತ್ತೇನೆ’ ಎಂಬುದಕ್ಕೂ ಇರುವ ಅಂತರವನ್ನು ಯಾವ ಕನ್ನಡಿಗರಿಗೂ ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ‘ಇರು’, ‘ಬಿಡು’, ‘ಮುಗಿಸು’ ಎಂಬ ಸಹಾಯಕ ಪದಗಳು ಬೇಕಾದಾಗ ಮಾತ್ರ ಬರುತ್ತವೆ, ಬೇಡವಾದಾಗ ಬರಿಯ ‘ಬರೆಯುತ್ತೇನೆ’ ಎಂದರೂ ನಡೆಯುತ್ತದೆ. ಪೋಲಿಷ್ ಆ ಸ್ವಾತಂತ್ರ್ಯವನ್ನು ಕೊಡುವುದಿಲ್ಲ. ಅಲ್ಲಿ ಪ್ರತಿ ಸಲವೂ ಎರಡರಲ್ಲಿ ಒಂದನ್ನು ಆರಿಸಲೇಬೇಕು.

ಎರಡನೆಯ ಹೆಜ್ಜೆ: ಪೂರ್ಣ ಕ್ರಿಯೆಯ ಭವಿಷ್ಯತ್ತು

ಇದು ಎರಡರಲ್ಲಿ ಸುಲಭವಾದದ್ದು, ಏಕೆಂದರೆ ಇದಕ್ಕೆ ಬೇರೆ ಪ್ರತ್ಯಯಗಳೇ ಇಲ್ಲ. ವರ್ತಮಾನಕಾಲದ ಪ್ರತ್ಯಯಗಳನ್ನು ಪೂರ್ಣ ಕ್ರಿಯೆಗೆ ಹಚ್ಚಿದರೆ ಅದು ತಾನಾಗಿಯೇ ಭವಿಷ್ಯತ್ತಾಗುತ್ತದೆ. ಮುಗಿದೇ ತೀರುವ ಕೆಲಸ ಈ ಕ್ಷಣದಲ್ಲಿ ‘ನಡೆಯುತ್ತಾ’ ಇರಲಾರದು ಎಂಬುದು ಇದರ ಹಿಂದಿನ ತರ್ಕ. ‘ರೊಬ್ಯೆ’ ಎಂದರೆ ಮಾಡುತ್ತಿದ್ದೇನೆ. ‘ಜ಼್ರೊಬ್ಯೆ’ ಎಂದರೆ ಮಾಡಿ ಮುಗಿಸುತ್ತೇನೆ. ‘ನಾಳೆ ಊರಿಗೆ ಹೋಗುತ್ತೇನೆ’ ಎಂದು ವರ್ತಮಾನದ ರೂಪದಲ್ಲೇ ನಾಳೆಯ ಮಾತನ್ನಾಡುವ ನಮಗೆ ಇದು ವಿಚಿತ್ರವೆನಿಸಬಾರದು.

ಆರು ರೂಪಗಳು ಹೀಗಿವೆ: ನಾನು ಜ಼್ರೊಬ್ಯೆ, ನೀನು ಜ಼್ರೊಬಿಷ್, ಅವನು ಅಥವಾ ಅವಳು ಜ಼್ರೊಬಿ, ನಾವು ಜ಼್ರೊಬಿಮಿ, ನೀವೆಲ್ಲ ಜ಼್ರೊಬಿಚೆ, ಅವರು ಜ಼್ರೊಬ್ಯೊಂ. ಪ್ರತ್ಯಯವೇ ಪುರುಷವನ್ನು ತಿಳಿಸುವುದರಿಂದ ಕನ್ನಡದಲ್ಲಿರುವಂತೆಯೇ ಸರ್ವನಾಮವನ್ನು ಬಿಟ್ಟುಬಿಡಬಹುದು. ನಿತ್ಯ ಬೇಕಾಗುವ ಇನ್ನು ಕೆಲವನ್ನು ಉತ್ತಮಪುರುಷ ಏಕವಚನದಲ್ಲಿ ಕೊಡುತ್ತೇನೆ: ಕುಪ್ಯೆ, ಕೊಳ್ಳುತ್ತೇನೆ, ಪುಯ್ದೆ, ಹೋಗುತ್ತೇನೆ, ಪೊವ್ಯೆಮ್, ಹೇಳುತ್ತೇನೆ, ವೆಜ಼್ಮೆ, ತೆಗೆದುಕೊಳ್ಳುತ್ತೇನೆ, ಜ಼ಾದ್ಜ಼್ವೊನ್ಯೆ, ಫೋನ್ ಮಾಡುತ್ತೇನೆ. ‘ಬರೆಯುತ್ತೇನೆ’ ಎಂಬ ನಾಪಿಷೆ ಮತ್ತು ‘ಬರೆಯುತ್ತಾನೆ’ ಎಂಬ ನಾಪಿಷೆ ಬರಹದಲ್ಲಿ ಬೇರೆಯಾದರೂ ಸಾಮಾನ್ಯ ಮಾತಿನಲ್ಲಿ ಒಂದೇ ತರಹ ಕೇಳಿಸುತ್ತವೆ. ಸಂದರ್ಭದಿಂದಲೇ ಅರ್ಥ ಮಾಡಿಕೊಳ್ಳಬೇಕು, ಬರೆಯುವಾಗ ಮಾತ್ರ ಉತ್ತಮಪುರುಷದ ಕೊನೆಯಕ್ಷರಕ್ಕೆ ಬಾಲ ಹಾಕಲು ಮರೆಯಬಾರದು.

ಮೂರನೆಯ ಹೆಜ್ಜೆ: ಅಪೂರ್ಣ ಕ್ರಿಯೆಯ ಭವಿಷ್ಯತ್ತು

ಇಲ್ಲಿ ‘ಇರು’ ಎಂಬರ್ಥದ ‘ಬಿಚ್’ ಕ್ರಿಯಾಪದದ ಭವಿಷ್ಯದ್ರೂಪ ಬೇಕು. ಬೆಂದೆ, ಬೆಂಜೆಷ್, ಬೆಂಜೆ, ಬೆಂಜೆಮಿ, ಬೆಂಜೆಚೆ, ಬೆಂದೊಂ ಎಂಬ ಈ ಆರನ್ನು ಮಗ್ಗಿಯಂತೆ ಕಲಿಯಿರಿ. ಒಂಟಿಯಾಗಿ ಬಂದಾಗ ಇವುಗಳ ಅರ್ಥ ‘ಇರುತ್ತೇನೆ, ಇರುತ್ತೀಯ’ ಎಂದು: ‘ಯುತ್ರೊ ಬೆಂದೆ ವ್ ದೊಮು’ ಎಂದರೆ ನಾಳೆ ಮನೆಯಲ್ಲಿ ಇರುತ್ತೇನೆ. ಇವುಗಳ ಜೊತೆಗೆ ಅಪೂರ್ಣ ಕ್ರಿಯೆಯ ಮೂಲರೂಪವನ್ನೋ ಭೂತರೂಪವನ್ನೋ ಸೇರಿಸಿದರೆ ಆ ಕ್ರಿಯೆಯ ಭವಿಷ್ಯತ್ಕಾಲ ಸಿದ್ಧವಾಗುತ್ತದೆ. ‘ಬೆಂದೆ ಚಿತಾಚ್’ ಎಂದರೂ, ಗಂಡಸು ‘ಬೆಂದೆ ಚಿತಾವ್’ ಎಂದರೂ, ಹೆಂಗಸು ‘ಬೆಂದೆ ಚಿತಾವಾ’ ಎಂದರೂ ಅರ್ಥ ಒಂದೇ: ಓದುತ್ತಿರುತ್ತೇನೆ. ಬಹುವಚನದಲ್ಲಿ ಗಂಡಸರಿರುವ ಗುಂಪು ‘ಬೆಂಜೆಮಿ ಚಿತಾಲಿ’ ಎಂದೂ, ಹೆಂಗಸರಷ್ಟೇ ಇರುವ ಗುಂಪು ‘ಬೆಂಜೆಮಿ ಚಿತಾವಿ’ ಎಂದೂ ಹೇಳುತ್ತದೆ.

ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು? ಹೊಸಬರು ಮೂಲರೂಪದಿಂದ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಅದರಲ್ಲಿ ಲಿಂಗದ ಚಿಂತೆಯಿಲ್ಲ. ಆದರೆ ‘ಬೇಕು’, ‘ಆಗುತ್ತದೆ’, ‘ಇಷ್ಟಪಡು’ ಎಂಬರ್ಥದ ಸಹಾಯಕ ಕ್ರಿಯೆಗಳು ಬಂದಾಗ ಭೂತರೂಪವನ್ನೇ ಬಳಸಬೇಕು, ಇಲ್ಲವಾದರೆ ಎರಡು ಮೂಲರೂಪಗಳು ಒಂದರ ಹಿಂದೊಂದು ಬಂದು ವಾಕ್ಯ ತೊಡಕಾಗುತ್ತದೆ. ‘ವೈದ್ಯರ ಬಳಿಗೆ ಹೋಗಬೇಕಾಗುತ್ತದೆ’ ಎಂಬುದನ್ನು ಹೆಂಗಸು ‘ಬೆಂದೆ ಮುಶಾವಾ ಪುಯ್ಶ್ಚ್ ದೊ ಲೆಕಾಝಾ’ ಎಂದೂ ಗಂಡಸು ‘ಬೆಂದೆ ಮುಶಾವ್ ಪುಯ್ಶ್ಚ್ ದೊ ಲೆಕಾಝಾ’ ಎಂದೂ ಹೇಳುವುದು ರೂಢಿ.

ಈಗ ಅತಿ ಮುಖ್ಯವಾದ ನಿಷೇಧ: ‘ಬೆಂದೆ’ ಸಾಲಿನ ಪದಗಳ ಜೊತೆಗೆ ಪೂರ್ಣ ಕ್ರಿಯೆ ಎಂದೆಂದಿಗೂ ಬರಕೂಡದು. ‘ಬೆಂದೆ ಜ಼್ರೊಬಿಚ್’, ‘ಬೆಂದೆ ಕುಪಿಚ್’ ಎಂಬ ಮಾತುಗಳು ಪೋಲಿಷಿನಲ್ಲಿ ಇಲ್ಲವೇ ಇಲ್ಲ. ಇಂಗ್ಲಿಷಿನ ‘ವಿಲ್’ ಎಂಬುದಕ್ಕೆ ಸಮನಾದ ಪದ ‘ಬೆಂದೆ’ ಎಂದು ಭಾವಿಸಿದವರು ಈ ತಪ್ಪನ್ನು ತಿಂಗಳುಗಟ್ಟಲೆ ಮಾಡುತ್ತಾರೆ. ನಾನೂ ಮೊದಮೊದಲು ಅಂಗಡಿಯಲ್ಲಿ ‘ಬೆಂದೆ ಕುಪಿಚ್’ ಎಂದೇ ಹೇಳುತ್ತಿದ್ದೆ. ಅಂಗಡಿಯ ಹಿರಿಯ ಹೆಂಗಸು ಪ್ರತಿ ಸಲವೂ ಮೆಲುದನಿಯಲ್ಲಿ ‘ಕುಪ್ಯೆ’ ಎಂದು ಸರಿಪಡಿಸಿ, ಆಮೇಲೆ ಚಿಲ್ಲರೆ ಎಣಿಸುತ್ತಿದ್ದರು. ಆ ಒಂದು ಪದ ಅಲ್ಲಿಂದಲೇ ನನ್ನ ನಾಲಿಗೆಗೆ ಬಂತು. ‘ಬೆಂದೆ’ ಎಂಬುದನ್ನು ಕನ್ನಡದ ‘-ತ್ತಿರುತ್ತೇನೆ’ ಎಂಬುದರ ಸ್ಥಾನದಲ್ಲಿಟ್ಟು ನೋಡಿದರೆ ಈ ತಪ್ಪು ತಾನೇ ನಿಲ್ಲುತ್ತದೆ.

ಆಯ್ಕೆ ಹೇಗೆ?

ಕಚೇರಿಯ ಒಂದು ಸಂದರ್ಭವನ್ನು ನೋಡೋಣ. ವರದಿ ಯಾವಾಗ ಎಂದು ಮ್ಯಾನೇಜರ್ ಕೇಳುತ್ತಾರೆ. ‘ಯುತ್ರೊ ಬೆಂದೆ ಪಿಸಾಚ್ ರಾಪೊರ್ತ್’ ಎಂದರೆ, ನಾಳೆ ಆ ವರದಿಯ ಕೆಲಸದಲ್ಲಿ ಇರುತ್ತೇನೆ ಎಂದರ್ಥ. ಸಂಜೆಗೆ ಅದು ಕೈಗೆ ಬರುತ್ತದೆಂಬ ಭರವಸೆ ಈ ಮಾತಿನಲ್ಲಿ ಇಲ್ಲ. ‘ಯುತ್ರೊ ನಾಪಿಷೆ ರಾಪೊರ್ತ್’ ಎಂದರೆ ನಾಳೆ ವರದಿ ಬರೆದು ಮುಗಿಯುತ್ತದೆ ಎಂಬ ವಚನ. ಕೇಳುವ ಪೋಲಿಷ್ ವ್ಯಕ್ತಿ ಈ ಎರಡನ್ನೂ ಎರಡು ಬೇರೆ ಉತ್ತರಗಳೆಂದೇ ಎಣಿಸುತ್ತಾರೆ, ಆದ್ದರಿಂದ ತಪ್ಪು ಆಯ್ಕೆಯಾದರೆ ವ್ಯಾಕರಣದ ಜೊತೆಗೆ ಮಾತಿನ ಅರ್ಥವೂ ಕೆಡುತ್ತದೆ. ಎಷ್ಟು ಹೊತ್ತು, ಎಷ್ಟು ಸಲ, ಇಡೀ ದಿನ, ಪ್ರತಿದಿನ ಎಂಬ ಅರ್ಥದ ಪದಗಳು ವಾಕ್ಯದಲ್ಲಿದ್ದರೆ ಸಾಮಾನ್ಯವಾಗಿ ಅಪೂರ್ಣ ಕ್ರಿಯೆ ಬೇಕು. ಫಲಿತಾಂಶ ಮುಖ್ಯವಾದರೆ, ಒಂದರ ನಂತರ ಒಂದು ಕೆಲಸ ಮುಗಿಯುವ ಸರಣಿಯಿದ್ದರೆ ಪೂರ್ಣ ಕ್ರಿಯೆ ಬೇಕು.

ನಿಶ್ಚಯವಾದ ಪ್ರಯಾಣ, ಭೇಟಿಗಳಿಗೆ ವರ್ತಮಾನವೂ ಸಲ್ಲುತ್ತದೆ: ‘ಯುತ್ರೊ ಯಾದೆ ದೊ ಕ್ರಾಕೊವಾ’, ನಾಳೆ ಕ್ರಾಕುಫ್‌ಗೆ ಹೋಗುತ್ತಿದ್ದೇನೆ.

ನಿಷೇಧಕ್ಕೆ ಕ್ರಿಯೆಯ ಮುಂದೆ ‘ನ್ಯೆ’ ಸೇರಿಸಿದರಾಯಿತು. ಆದರೆ ಆಗ ಕರ್ಮಪದದ ವಿಭಕ್ತಿಯೂ ಬದಲಾಗುತ್ತದೆಂಬುದನ್ನು ಗಮನಿಸಿ: ‘ಕುಪ್ಯೆ ಹ್ಲೆಪ್’ ಎಂಬುದು ‘ನ್ಯೆ ಕುಪ್ಯೆ ಹ್ಲೆಬಾ’ ಆಗುತ್ತದೆ. ದ್ವಿತೀಯೆಯಲ್ಲಿದ್ದ ಬ್ರೆಡ್ಡು ಷಷ್ಠಿಗೆ ಸರಿಯುತ್ತದೆ.

ನಾಲ್ಕನೆಯ ಹೆಜ್ಜೆ: ಆಗಬಹುದಾದ ಷರತ್ತು

‘ಮಳೆ ಬಂದರೆ ಮನೆಯಲ್ಲೇ ಇರುತ್ತೇವೆ’ ಎಂಬ ವಾಕ್ಯದಲ್ಲಿ ಮಳೆ ಬರುವ ಸಾಧ್ಯತೆ ನಿಜವಾಗಿಯೂ ಇದೆ. ಇಂಥ ಷರತ್ತಿಗೆ ಪೋಲಿಷಿನಲ್ಲಿ ‘ಯೆಶ್ಲಿ’ ಎಂಬ ಪದ ಸಾಕು, ಮತ್ತು ಎರಡೂ ಉಪವಾಕ್ಯಗಳಲ್ಲಿ ಭವಿಷ್ಯತ್ಕಾಲ ಬರುತ್ತದೆ: ‘ಯೆಶ್ಲಿ ಯುತ್ರೊ ಬೆಂಜೆ ಪಾದಾವೊ, ಜ಼ೊಸ್ತಾನ್ಯೆಮಿ ವ್ ದೊಮು’. ಕನ್ನಡದ ‘ಬಂದರೆ’ ಭೂತಧಾತುವಿನ ಮೇಲೆ ನಿಂತಿರುವುದರಿಂದಲೂ, ಇಂಗ್ಲಿಷಿನಲ್ಲಿ ಇಂಥ ಕಡೆ ವರ್ತಮಾನ ಬರುವುದರಿಂದಲೂ ನಮ್ಮವರು ಮೊದಲ ಭಾಗದಲ್ಲಿ ಭವಿಷ್ಯತ್ತನ್ನು ಬಿಟ್ಟುಬಿಡುತ್ತಾರೆ. ‘ಮನೆಗೆ ಬಂದ ಮೇಲೆ ಫೋನ್ ಮಾಡುತ್ತೇನೆ’ ಎಂಬಂಥ ವಾಕ್ಯಕ್ಕೂ ಇದೇ ನಿಯಮ: ‘ಗ್ದಿ ವ್ರುತ್ಸೆ ದೊ ದೊಮು, ಜ಼ಾದ್ಜ಼್ವೊನ್ಯೆ’. ಮರಳುವುದೂ ನಾಳೆಯದೇ, ಫೋನ್ ಮಾಡುವುದೂ ನಾಳೆಯದೇ, ಆದ್ದರಿಂದ ಎರಡೂ ಕ್ರಿಯೆಗಳು ಭವಿಷ್ಯತ್ತಿನಲ್ಲೇ ಇರಬೇಕು.

ಐದನೆಯ ಹೆಜ್ಜೆ: ಭೂತರೂಪಕ್ಕೆ ‘ಬಿ’ ಸೇರಿಸುವುದು

ಸಂಭವ ಕಡಿಮೆಯಿರುವ, ಕಲ್ಪನೆಯ, ಅಥವಾ ಕೈತಪ್ಪಿಹೋದ ಮಾತುಗಳಿಗೆ ಪೋಲಿಷಿನಲ್ಲಿ ಬೇರೆಯೇ ರೂಪವಿದೆ. ಅದರ ರಚನೆ: ಭೂತರೂಪ, ಅದರ ಬೆನ್ನಿಗೆ ‘ಬಿ’, ಅದರ ಬೆನ್ನಿಗೆ ಪುರುಷವನ್ನು ಸೂಚಿಸುವ ಪ್ರತ್ಯಯ. ಷರತ್ತನ್ನು ಭೂತಕಾಲದ ರೂಪದಿಂದ ಕಟ್ಟುವುದು ವಿಚಿತ್ರವೆಂದು ಹಲವು ಭಾಷೆಯವರಿಗೆ ಅನ್ನಿಸಬಹುದು, ಆದರೆ ‘ಬಂದ’ ಎಂಬುದರಿಂದ ‘ಬಂದರೆ’ಯನ್ನೂ, ‘ತಿಂದ’ ಎಂಬುದರಿಂದ ‘ತಿಂದರೆ’ಯನ್ನೂ ಮಾಡಿಕೊಂಡ ಭಾಷೆಯಲ್ಲಿ ಬೆಳೆದವರಿಗೆ ಈ ತರ್ಕ ಹುಟ್ಟಿನಿಂದಲೇ ಗೊತ್ತು. ‘ಬಂದಾನು’, ‘ಬಿದ್ದೀತು’ ಎಂಬ ಸಂಭಾವನೆಯ ರೂಪಗಳೂ ಭೂತಧಾತುವಿನಿಂದಲೇ ಹುಟ್ಟಿದವು. ಪೋಲಿಷ್ ಕಲಿಯುವಾಗ ಕನ್ನಡ ನಮ್ಮ ಬೆನ್ನಿಗೆ ನಿಲ್ಲುವ ಜಾಗಗಳಲ್ಲಿ ಇದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು.

ಭೂತರೂಪ ಮಾಡಲು ಹೆಚ್ಚಿನ ಕ್ರಿಯೆಗಳಲ್ಲಿ ಮೂಲರೂಪದ ಕೊನೆಯ ‘ಚ್’ ತೆಗೆದು ‘ವ್’ ಹಾಕಬೇಕು: ರೊಬಿಚ್, ರೊಬಿವ್. ಕೆಲವು ಕ್ರಿಯೆಗಳು ದಾರಿ ಬಿಡುತ್ತವೆ. ಹೋಗು ಎಂಬರ್ಥದ ಪುಯ್ಶ್ಚ್ ಪುಲ್ಲಿಂಗದಲ್ಲಿ ಪೊಷೆದ್ವ್, ಸ್ತ್ರೀಲಿಂಗದಲ್ಲಿ ಪೊಷ್ವಾ. ಶಕ್ತನಾಗು ಎಂಬರ್ಥದ ಮುತ್ಸ್ ಕ್ರಮವಾಗಿ ಮುಗ್ವ್, ಮೊಗ್ವಾ. ಹೊಂದಿರು ಎಂಬರ್ಥದ ಮ್ಯೆಚ್ ಏಕವಚನದಲ್ಲಿ ಮ್ಯಾವ್, ಮ್ಯಾವಾ, ಆದರೆ ಗಂಡಸರಿರುವ ಬಹುವಚನದಲ್ಲಿ ಮ್ಯೆಲಿ.

ಪೂರ್ತಿ ಸಾಲು ಹೀಗಿದೆ. ನಾನು: ಗಂಡಸಾದರೆ ರೊಬಿವ್‌ಬಿಮ್, ಹೆಂಗಸಾದರೆ ರೊಬಿವಾಬಿಮ್. ನೀನು: ರೊಬಿವ್‌ಬಿಶ್, ರೊಬಿವಾಬಿಶ್. ಅವನು ರೊಬಿವ್‌ಬಿ, ಅವಳು ರೊಬಿವಾಬಿ, ಅದು ರೊಬಿವೊಬಿ. ನಾವು: ಗಂಡಸರಿರುವ ಗುಂಪಿಗೆ ರೊಬಿಲಿಬಿಶ್ಮಿ, ಇಲ್ಲದಿದ್ದರೆ ರೊಬಿವಿಬಿಶ್ಮಿ. ನೀವೆಲ್ಲ: ರೊಬಿಲಿಬಿಶ್ಚೆ, ರೊಬಿವಿಬಿಶ್ಚೆ. ಅವರು ರೊಬಿಲಿಬಿ, ಅವು ರೊಬಿವಿಬಿ. ಕೊನೆಯ ಸಾಲಿನಲ್ಲಿ ಎಚ್ಚರ ಬೇಕು. ಕನ್ನಡದಲ್ಲಿ ಮನುಷ್ಯರೆಲ್ಲರೂ ‘ಅವರು’, ಉಳಿದುವೆಲ್ಲ ‘ಅವು’. ಪೋಲಿಷಿನ ಗೆರೆ ಬೇರೆ ಕಡೆ ಬೀಳುತ್ತದೆ: ಒಬ್ಬನಾದರೂ ಗಂಡಸಿರುವ ಗುಂಪು ಒಂದು ಕಡೆ, ಹೆಂಗಸರಷ್ಟೇ ಇರುವ ಗುಂಪು, ಮಕ್ಕಳು, ಪ್ರಾಣಿಗಳು, ವಸ್ತುಗಳು ಎಲ್ಲವೂ ಇನ್ನೊಂದು ಕಡೆ.

ಲಿಂಗದ ವಿಷಯವನ್ನು ಇನ್ನಷ್ಟು ಒತ್ತಿ ಹೇಳಬೇಕು. ‘ನಾನು ಹೋದೆ’ ಎಂದಾಗ ಹೇಳಿದವರು ಗಂಡೋ ಹೆಣ್ಣೋ ಎಂಬುದನ್ನು ಕನ್ನಡ ತಿಳಿಸುವುದಿಲ್ಲ, ಆದ್ದರಿಂದ ಉತ್ತಮಪುರುಷದಲ್ಲಿ ಲಿಂಗ ನೋಡುವ ಅಭ್ಯಾಸ ನಮಗಿಲ್ಲ. ಹಿಂದಿ ಬಲ್ಲವರು ‘ಗಯಾ–ಗಯೀ’ ಭೇದವನ್ನು ನೆನೆಯಬಹುದು. ಕೇಳಿ ಕಲಿಯುವವರು ಕೇಳಿದವರ ಲಿಂಗವನ್ನೇ ಹಿಡಿದುಕೊಳ್ಳುವುದು ಸಹಜ. ‘ನನಗೆ ಬೇಕಿತ್ತು’ ಎನ್ನಲು ಶಿಕ್ಷಕಿಯಿಂದ ಕಲಿತ ಗಂಡಸು ‘ಹ್ಚಾವಾಬಿಮ್’ ಎನ್ನುತ್ತಾನೆ, ಗಂಡು ಸಹೋದ್ಯೋಗಿಗಳಿಂದ ಕಲಿತ ಹೆಂಗಸು ‘ಹ್ಚಾವ್‌ಬಿಮ್’ ಎನ್ನುತ್ತಾಳೆ. ಮೊದಲ ದಿನದಿಂದಲೇ ನಿಮ್ಮದಾದ ರೂಪವನ್ನು ಮಾತ್ರ ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳಿ, ಇನ್ನೊಂದನ್ನು ಕಿವಿಯಿಂದ ಗುರುತಿಸಿದರೆ ಸಾಕು.

ಉಚ್ಚಾರದಲ್ಲಿ ಪೋಲಿಷ್ ಪದಗಳ ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ. ‘ಬಿ’ ಸೇರಿದ ರೂಪಗಳಲ್ಲಿ ಮಾತ್ರ ಶಿಷ್ಟ ಉಚ್ಚಾರವು ಆ ‘ಬಿ’ಯನ್ನೂ ಅದರ ಮುಂದಿನದನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ರೊಬಿವ್‌ಬಿಮ್ ಎಂಬಲ್ಲಿ ಒತ್ತು ‘ರೊ’ ಮೇಲೆ, ರೊಬಿಲಿಬಿಶ್ಮಿ ಎಂಬಲ್ಲಿ ಮೊದಲ ‘ಬಿ’ ಮೇಲೆ.

ಆರನೆಯ ಹೆಜ್ಜೆ: ‘ಗ್ದಿಬಿ’ ಮತ್ತು ‘ಝೆಬಿ’

‘ಬಿ’ ಒಂದೇ ಕಡೆ ಅಂಟಿಕೊಂಡಿರುವ ಪ್ರತ್ಯಯವಲ್ಲ. ವಾಕ್ಯದ ಮುಂದಿನ ಭಾಗಕ್ಕೆ ಸರಿಯಬಲ್ಲದು, ಸರಿಯುವಾಗ ಪುರುಷ ಪ್ರತ್ಯಯವನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಕಲ್ಪಿತ ಷರತ್ತಿನ ‘ಗ್ದಿಬಿ’ ಎಂಬ ಪದದಲ್ಲಿ ಅದು ಆಗಲೇ ಸೇರಿಕೊಂಡಿದೆ. ಗಂಡಸು ‘ಗ್ದಿಬಿಮ್ ಮ್ಯಾವ್ ಚಾಸ್, ಪ್ಷೆಚಿತಾವ್‌ಬಿಮ್ ತೆ ಕ್ಶೊಂಷ್ಕೆ’ ಎಂದರೆ, ಸಮಯ ಇದ್ದಿದ್ದರೆ ಈ ಪುಸ್ತಕ ಓದುತ್ತಿದ್ದೆ ಎಂದರ್ಥ. ‘ಯೆಶ್ಲಿ ಬೆಂದೆ ಮ್ಯಾವ್ ಚಾಸ್, ಪ್ಷೆಚಿತಾಮ್’ ಎಂಬುದರ ಜೊತೆಗೆ ಇದನ್ನು ಹೋಲಿಸಿ: ಅಲ್ಲಿ ಸಮಯ ಸಿಗಬಹುದು, ಇಲ್ಲಿ ಸಮಯವಿಲ್ಲ. ಎರಡೂ ಉಪವಾಕ್ಯಗಳಲ್ಲಿ ‘ಬಿ’ ಒಂದೊಂದು ಸಲ ಬರಬೇಕು. ಮೊದಲನೆಯದರಲ್ಲಿ ಅದು ‘ಗ್ದಿಬಿಮ್’ ಒಳಗಿರುವುದರಿಂದ ‘ಮ್ಯಾವ್’ ಎಂಬುದಕ್ಕೆ ಮತ್ತೆ ಹಚ್ಚಕೂಡದು.

ಕನ್ನಡದಲ್ಲಿ ‘ಇದ್ದರೆ ಓದುವೆ’, ‘ಇದ್ದಿದ್ದರೆ ಓದುತ್ತಿದ್ದೆ’ ಎಂದು ಇಂದಿನ ಕಲ್ಪನೆಗೂ ಕಳೆದುಹೋದ ಅವಕಾಶಕ್ಕೂ ಬೇರೆ ರೂಪಗಳಿವೆ. ಇಂದಿನ ಪೋಲಿಷ್ ಎರಡಕ್ಕೂ ಒಂದೇ ರೂಪ ಬಳಸುತ್ತದೆ; ನಿನ್ನೆಯ ಮಾತಾದರೆ ‘ಫ್ಚೊರಾಯ್’ ಎಂದು ಸೇರಿಸಿ ಸ್ಪಷ್ಟಪಡಿಸುತ್ತಾರೆ. ‘ಬಿವ್‌ಬಿಮ್ ಪ್ಷೆಚಿತಾವ್’ ಎಂಬ ಹಳೆಯ ಭೂತ ಷರತ್ತಿನ ರೂಪ ಈಗ ಪುಸ್ತಕಗಳಲ್ಲಷ್ಟೇ ಕಾಣಸಿಗುತ್ತದೆ, ಕಂಡಾಗ ಗುರುತಿಸಿದರೆ ಸಾಕು.

‘ಝೆಬಿ’ ಎಂಬುದು ಕನ್ನಡದ ‘-ಲಿ ಎಂದು’, ‘-ಲು’ ಎಂಬವುಗಳ ಕೆಲಸ ಮಾಡುತ್ತದೆ. ಬಯಸುವವರು ಒಬ್ಬರು, ಮಾಡುವವರು ಇನ್ನೊಬ್ಬರಾದರೆ ಅದರ ಮುಂದೆ ಭೂತರೂಪ ಬರುತ್ತದೆ: ‘ಮಾಮಾ ಹ್ತ್ಸೆ, ಝೆಬಿಮ್ ಜ಼ಾದ್ಜ಼್ವೊನಿವ್ ವ್ಯೆಚೊರೆಮ್’, ಅಂದರೆ ನಾನು ಸಂಜೆ ಫೋನ್ ಮಾಡಲಿ ಎಂದು ಅಮ್ಮನ ಆಸೆ. ಇಬ್ಬರೂ ಒಬ್ಬರೇ ಆದರೆ ಮೂಲರೂಪ: ‘ಉಚೆ ಶೆ ಪೊಲ್ಸ್ಕ್ಯೆಗೊ, ಝೆಬಿ ಜ಼್ನಾಲೆಶ್ಚ್ ಪ್ರಾತ್ಸೆ’, ಕೆಲಸ ಹುಡುಕಿಕೊಳ್ಳಲು ಪೋಲಿಷ್ ಕಲಿಯುತ್ತಿದ್ದೇನೆ.

ಬರೆಯುವಾಗ ‘ಬಿ’ಯನ್ನು ಪುರುಷ ತೋರುವ ಕ್ರಿಯಾಪದಕ್ಕೆ ಕೂಡಿಸಿ ಬರೆಯಬೇಕು, ‘ಮೊಝ್ನಾ ಬಿ’ (ಮಾಡಬಹುದಿತ್ತು), ‘ತ್ಷೆಬಾ ಬಿ’ (ಮಾಡಬೇಕಿತ್ತು) ಎಂಬಂಥ ಪುರುಷವಿಲ್ಲದ ಪದಗಳಿಗೆ ಬಿಡಿಸಿ ಬರೆಯಬೇಕು. 2026ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಗುಣಿತ ನಿಯಮಗಳಲ್ಲಿ ‘ಹೌದೋ ಅಲ್ಲವೋ’ ಎಂಬರ್ಥದ ‘ಚಿ’ಯಂಥ ಸಂಯೋಜಕಗಳ ಜೊತೆಗೂ ಅದನ್ನು ‘ಚಿ ಬಿ’ ಎಂದು ಬಿಡಿಸಿಯೇ ಬರೆಯಬೇಕೆಂದಿದೆ, ‘ಗ್ದಿಬಿ’, ‘ಝೆಬಿ’ ಎಂಬ ನೆಲೆಗೊಂಡ ಪದಗಳು ಮೊದಲಿನಂತೆಯೇ ಇವೆ.

ವಿನಯದ ಮಾತು

‘ಬೇಕು’ ಎಂದು ನೇರವಾಗಿ ಹೇಳುವ ಬದಲು ‘ಹ್ಚಾವ್‌ಬಿಮ್’ ಅಥವಾ ‘ಹ್ಚಾವಾಬಿಮ್’ ಎಂದರೆ ಮಾತು ಮೃದುವಾಗುತ್ತದೆ. ಸಹಾಯ ಕೇಳಲು ಗಂಡಸರಿಗೆ ‘ಚಿ ಮುಗ್‌ಬಿ ಪಾನ್ ಮಿ ಪೊಮುತ್ಸ್’, ಹೆಂಗಸರಿಗೆ ‘ಚಿ ಮೊಗ್ವಾಬಿ ಪಾನಿ ಮಿ ಪೊಮುತ್ಸ್’ ಎನ್ನುತ್ತಾರೆ. ಗೌರವದ ‘ಪಾನ್’, ‘ಪಾನಿ’ಗಳ ಜೊತೆಗೆ ಕ್ರಿಯೆ ಏಕವಚನದ ಪ್ರಥಮಪುರುಷದಲ್ಲಿರುತ್ತದೆ, ಕನ್ನಡದ ಬಹುವಚನದ ಗೌರವವನ್ನು ಇಲ್ಲಿಗೆ ತರಬಾರದು.

ಕೊನೆಯದಾಗಿ, ಕ್ಲಿನಿಕ್ಕಿಗೆ ಒಬ್ಬ ಹೆಂಗಸು ಕಳಿಸುವ ಸಂದೇಶವೊಂದನ್ನು ಬಿಡಿಸಿ ನೋಡೋಣ. ‘ಜೆನ್ ದೊಬ್ರಿ, ಹ್ಚಾವಾಬಿಮ್ ಪ್ಷೆವೊಝಿಚ್ ವಿಜ಼ಿತೆ. ಯುತ್ರೊ ಬೆಂದೆ ಮುಶಾವಾ ಬಿಚ್ ಫ್ ಪ್ರಾತ್ಸಿ ದೊ ಷುಸ್ತೆಯ್. ಚಿ ಮೊಗ್ವಾಬಿಮ್ ಪ್ಷಿಯ್ಶ್ಚ್ ಫ್ ಪ್ಯೊಂತೆಕ್? ಯೆಶ್ಲಿ ನ್ಯೆ ಬೆಂಜೆ ವೊಲ್ನೆಗೊ ತೆರ್ಮಿನು, ಜ಼ಾದ್ಜ಼್ವೊನ್ಯೆ ಫ್ ಪೊನ್ಯೆಜಾವೆಕ್.’ ನಮಸ್ಕಾರ, ಭೇಟಿಯನ್ನು ಮುಂದೂಡಬೇಕಿತ್ತು, ನಾಳೆ ಆರು ಗಂಟೆಯವರೆಗೆ ಕೆಲಸದಲ್ಲಿ ಇರಬೇಕಾಗುತ್ತದೆ, ಶುಕ್ರವಾರ ಬರಬಹುದೇ, ಸಮಯ ಖಾಲಿ ಇಲ್ಲದಿದ್ದರೆ ಸೋಮವಾರ ಫೋನ್ ಮಾಡುತ್ತೇನೆ. ಮೊದಲ ವಾಕ್ಯದಲ್ಲಿ ವಿನಯದ ‘ಬಿ’, ಎರಡನೆಯದರಲ್ಲಿ ಸಹಾಯಕ ಕ್ರಿಯೆಯ ಭೂತರೂಪದೊಂದಿಗೆ ‘ಬೆಂದೆ’, ಮೂರನೆಯದರಲ್ಲಿ ಅನುಮತಿ ಕೇಳುವ ‘ಬಿ’, ನಾಲ್ಕನೆಯದರಲ್ಲಿ ನಿಜವಾದ ಷರತ್ತು; ಅದರ ಎರಡೂ ಕಡೆ ಭವಿಷ್ಯತ್ತು, ಮತ್ತು ‘ನ್ಯೆ ಬೆಂಜೆ’ ಎಂಬ ನಿಷೇಧದಿಂದಾಗಿ ಷಷ್ಠಿ ವಿಭಕ್ತಿ. ಇದೇ ಸಂದೇಶವನ್ನು ಗಂಡಸು ಬರೆದರೆ ಮೂರು ಪದಗಳು ಬದಲಾಗುತ್ತವೆ: ಹ್ಚಾವ್‌ಬಿಮ್, ಮುಶಾವ್, ಮುಗ್‌ಬಿಮ್. ಪೂರ್ಣ ಕ್ರಿಯೆಯ ಭವಿಷ್ಯತ್ತಾದ ‘ಜ಼ಾದ್ಜ಼್ವೊನ್ಯೆ’ ಯಾರು ಬರೆದರೂ ಹಾಗೆಯೇ ಉಳಿಯುತ್ತದೆ.